ಮುಂದಿನ ಕಂತು ಮಾಗನೂರಿಗೆ ಮೊದಲೇ ಗೊತ್ತು

ಮಾಗನೂರಿನ ನಮ್ಮ ದೊಡ್ಡವ್ವನ ಪಕ್ಕ ಕೂತು ಧಾರಾವಾಹಿ ನೋಡುವುದು ಕಷ್ಟದ ಕೆಲಸ. ಜೀ ಕನ್ನಡದಲ್ಲಿ ‘ಪುಟ್ಟಕ್ಕನ ಮಕ್ಕಳು’ ಬರುತ್ತಿದ್ದ ಕಾಲ. ಗಂಡ ಬಿಟ್ಟುಹೋದ ಪುಟ್ಟಕ್ಕ ಮೆಸ್ಸಿನ ಒಲೆ ಮುಂದೆ ಕಣ್ಣೊರೆಸಿಕೊಂಡರೆ ನನಗೆ ಗಂಟಲು ಕಟ್ಟುತ್ತಿತ್ತು. ದೊಡ್ಡವ್ವ ಜೋಳ ಹಸನು ಮಾಡುತ್ತಾ ತಲೆ ಎತ್ತದೆ ಹೇಳುತ್ತಿದ್ದಳು: “ಸುಮ್ಮನ ನೋಡು. ತೆಲುಗಿನಾಗ ಇದು ಯಾವಾಗೋ ಆಗಿ ಹೋಗೇತಿ.”

ಆಕೆ ಹೇಳಿದ್ದು ನಿಜ. 2021ರ ಡಿಸೆಂಬರಿನಲ್ಲಿ ಕನ್ನಡಕ್ಕೆ ಬಂದ ಪುಟ್ಟಕ್ಕ, 2019ರಿಂದ ಜೀ ತೆಲುಗಿನಲ್ಲಿ ಬರುತ್ತಿದ್ದ ‘ರಾಧಮ್ಮ ಕೂತುರು’ವಿನ ರಿಮೇಕ್. ಮೂರೂ ಹೆಣ್ಣೇ ಆದವೆಂದು ಗಂಡ ಕೈಬಿಟ್ಟ ತಾಯಿ, ಓದಿ ದೊಡ್ಡ ಅಧಿಕಾರಿಯಾಗಬೇಕೆನ್ನುವ ಮಗಳು. ಬೆಂಗಳೂರಿನವರಿಗೆ ಇದು ಹೊಸ ಕಥೆ. ಮಾಗನೂರಿಗೆ ಎರಡು ವರ್ಷ ಹಳೆಯದು.

ಕಾರಣ ಊರಿನ ಜಾಗದಲ್ಲೇ ಇದೆ. ಕೃಷ್ಣೆಯ ಆಚೆ ರಾಯಚೂರು, ಈಚೆ ಮಾಗನೂರು, ಮಕ್ತಲ್, ನಾರಾಯಣಪೇಟೆ. ನಿಜಾಮರ ಕಾಲದಲ್ಲಿ ಎರಡೂ ದಡ ಹೈದರಾಬಾದ್ ಸಂಸ್ಥಾನದ್ದೇ. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಬಂತು, ಮಾಗನೂರಿದ್ದ ಮೆಹಬೂಬನಗರ ಜಿಲ್ಲೆ ಆಂಧ್ರಪ್ರದೇಶಕ್ಕೆ ಹೋಯಿತು. ಮನೆಮಾತು ಗಡಿ ನೋಡಿ ನಿಲ್ಲಲಿಲ್ಲ. ಮನೆಯೊಳಗೆ ಕನ್ನಡ, ಕಚೇರಿಯಲ್ಲಿ ತೆಲುಗು, ಟಿವಿಯಲ್ಲಿ ಎರಡೂ. 2019ರಲ್ಲಿ ಚಾನೆಲ್ ಲೆಕ್ಕದಲ್ಲಿ ದುಡ್ಡು ಕಟ್ಟುವ ನಿಯಮ ಬಂದಾಗ ಇಲ್ಲಿನ ಮನೆಗಳಿಗೆ ಒಂದು ವಿಚಿತ್ರ ಪೇಚು ಎದುರಾಯಿತು: ಕನ್ನಡದ ಪ್ಯಾಕೋ, ತೆಲುಗಿನ ಪ್ಯಾಕೋ? ದೊಡ್ಡವ್ವ ಎರಡನ್ನೂ ಹಾಕಿಸಿದಳು. ಹಾಲಿನ ಲೆಕ್ಕದಲ್ಲಿ ಕೈ ಬಿಗಿ ಹಿಡಿದಳೇ ಹೊರತು ಇದರಲ್ಲಿ ಹಿಡಿಯಲಿಲ್ಲ.

ಹೀಗೆ ಎರಡು ಕಡೆಯಿಂದ ನೋಡುವವರಿಗೆ ಕಥೆಗಿಂತ ಕಥೆಯ ಹೊಲಿಗೆ ಚೆನ್ನಾಗಿ ಕಾಣುತ್ತದೆ. ಏಷ್ಯಾನೆಟ್‌ನ ಮಲಯಾಳಂ ‘ಕರುತ್ತಮುತ್ತು’ 2017ರಲ್ಲಿ ತೆಲುಗಿನ ‘ಕಾರ್ತಿಕ ದೀಪಂ’ ಆಯಿತು, ಮರುವರ್ಷ ಸ್ಟಾರ್ ಸುವರ್ಣದಲ್ಲಿ ‘ಮುದ್ದುಲಕ್ಷ್ಮಿ’ ಆಯಿತು. ಕಪ್ಪು ಹುಡುಗಿ, ಡಾಕ್ಟರ್ ಗಂಡ, ಅನುಮಾನ, ಅಗಲಿಕೆ: ಮೂಳೆ ಒಂದೇ. ಮಲಯಾಳಂ ಮತ್ತು ತೆಲುಗು ಎರಡರಲ್ಲೂ ನಾಯಕಿ ಪ್ರೇಮಿ ವಿಶ್ವನಾಥ್ ಒಬ್ಬರೇ. ಆದರೆ ತೆಲುಗಿನಲ್ಲಿ ಅವರು ನಾಡಿಗೆಲ್ಲ ‘ವಂಟಲಕ್ಕ’, ಅಂದರೆ ಅಡುಗೆಯಕ್ಕ, ಆದರು. ಅವರು ಗಂಡನನ್ನು ಕರೆಯುವ ‘ಡಾಕ್ಟರ್ ಬಾಬು’ ಕೂಡ ಮನೆಮಾತಾಯಿತು. ಆ ‘ಬಾಬು’ವಿನಲ್ಲಿರುವ ಅರ್ಧ ಮರ್ಯಾದೆ, ಅರ್ಧ ಸಲಿಗೆಯನ್ನು ಕನ್ನಡಕ್ಕೆ ತರುವುದು ಹೇಗೆ? ‘ಡಾಕ್ಟ್ರೇ’ ಅಂದರೆ ರೋಗಿ ಕರೆದಂತಾಗುತ್ತದೆ, ‘ರೀ’ ಅಂದರೆ ಮುನಿಸು ಹೊರಟೇ ಹೋಗುತ್ತದೆ. ರೂಪಾಂತರದ ನಿಜವಾದ ಕಷ್ಟ ಇರುವುದು ಇಂಥ ಒಂದೊಂದು ಶಬ್ದದಲ್ಲಿ.

ಕನ್ನಡ ಕಿರುತೆರೆ ಇಷ್ಟೊಂದು ರಿಮೇಕು ಮಾಡಿದ್ದಕ್ಕೆ ಹಳೆಯ ಕಾರಣವೊಂದಿದೆ. 1960ರ ದಶಕದಲ್ಲಿ ಅನಕೃ ಅವರಂಥವರು ಮುಂದೆ ನಿಂತು ನಡೆಸಿದ ಚಳವಳಿಯಿಂದ ಕನ್ನಡಕ್ಕೆ ಡಬ್ಬಿಂಗ್ ಬಾಗಿಲು ಮುಚ್ಚಿತು. 2012ರಲ್ಲಿ ಆಮಿರ್ ಖಾನರ ‘ಸತ್ಯಮೇವ ಜಯತೇ’ ಕೂಡ ಕನ್ನಡದಲ್ಲಿ ಮಾತಾಡಲಾಗಲಿಲ್ಲ. 2015ರಲ್ಲಿ ಸ್ಪರ್ಧಾ ಆಯೋಗ ಈ ತಡೆಯನ್ನು ತಪ್ಪೆಂದಿತು. 2020ರ ಲಾಕ್‌ಡೌನಿನಲ್ಲಿ ಚಿತ್ರೀಕರಣ ನಿಂತಾಗ ಡಬ್ ಆದ ‘ಮಹಾಭಾರತ’ ಸುವರ್ಣದಲ್ಲಿ ಬಂದೇ ಬಂತು. ಅಲ್ಲಿಯವರೆಗೆ ಪರಭಾಷೆಯ ಕಥೆ ಬೇಕಿದ್ದರೆ ಮೊದಲಿನಿಂದ ಮನೆ ಕಟ್ಟಬೇಕಿತ್ತು: ನಮ್ಮ ನಟರು, ನಮ್ಮ ಅಡುಗೆಮನೆ, ನಮ್ಮ ಜಗಳ. ಡಬ್ಬಿಂಗ್ ವಿರೋಧದ ಎಲ್ಲ ವಾದಗಳನ್ನು ನಾನು ಒಪ್ಪುವವನಲ್ಲ. ಆದರೂ ಆ ಬಲವಂತ ನಮ್ಮ ಬರಹಗಾರರಿಗೆ ಒಳ್ಳೆಯ ಕಸರತ್ತು ಕೊಟ್ಟಿತು.

ಇದೇ ಕಸರತ್ತನ್ನು ಅಮೆರಿಕದ ಇಂಗ್ಲಿಷ್ ಟಿವಿಯೂ ಮಾಡಿದೆ, ಅಲ್ಲಿ ಯಾರೂ ನಿಷೇಧ ಹಾಕದೆಯೇ. ಕೊಲಂಬಿಯಾದ ಫೆರ್ನಾಂಡೊ ಗಾಯ್ತಾನ್ ಬರೆದ ‘ಯೋ ಸೋಯ್ ಬೆಟ್ಟಿ, ಲಾ ಫೆಯಾ’ 1999ರಲ್ಲಿ ಶುರುವಾದ ಟೆಲಿನೊವೆಲಾ, ಅಂದರೆ ಸ್ಪ್ಯಾನಿಷ್ ಧಾರಾವಾಹಿ. ಚಂದವಿಲ್ಲದ, ಬುದ್ಧಿವಂತ ಹುಡುಗಿಯ ಕಥೆ. ನಮ್ಮಲ್ಲಿ 2003ರ ಹಿಂದಿ ‘ಜಸ್ಸಿ ಜೈಸಿ ಕೋಯಿ ನಹೀಂ’ ಆದದ್ದೂ ಇದೇ. 2006ರಲ್ಲಿ ಎಬಿಸಿ ಚಾನೆಲ್ ಅದನ್ನು ‘ಅಗ್ಲಿ ಬೆಟ್ಟಿ’ ಮಾಡಿತು. ದಿನಕ್ಕೊಂದು ಕಂತಿನ ಕಥೆಯನ್ನು ವಾರಕ್ಕೊಂದಕ್ಕೆ ಇಳಿಸಿ, ಅಳುವನ್ನು ಅರ್ಧ ನಗೆಯಾಗಿಸಿ, ನಾಲ್ಕು ವರ್ಷಗಳಲ್ಲಿ 85 ಕಂತು. ನಾಯಕಿ ನ್ಯೂಯಾರ್ಕಿನ ಕ್ವೀನ್ಸ್‌ನ ಮೆಕ್ಸಿಕನ್ ಮನೆಯ ಮಗಳಾದಳು. ಆ ಮನೆಯ ಟಿವಿಯಲ್ಲಿ ಸದಾ ಒಂದು ಟೆಲಿನೊವೆಲಾ ಓಡುತ್ತಲೇ ಇರುತ್ತಿತ್ತು. ಅದೇ ವರ್ಷ ಇನ್ನೊಂದು ಪ್ರಯೋಗವೂ ನಡೆಯಿತು: ಮೈನೆಟ್‌ವರ್ಕ್‌ಟಿವಿ ಎಂಬ ಹೊಸ ಜಾಲ ಟೆಲಿನೊವೆಲಾಗಳನ್ನು ಇಂಗ್ಲಿಷಿನಲ್ಲಿ ಮಾಡಿ ದಿನವೂ ತೋರಿಸಲು ಹೋಗಿ ಕೈ ಸುಟ್ಟುಕೊಂಡಿತು. ರಾತ್ರಿ ಊಟದ ಹೊತ್ತಿಗೆ ದಿನವೂ ಒಂದೇ ಮನೆಯ ಜಗಳ ನೋಡುವ ಅಭ್ಯಾಸ ಅಲ್ಲಿನ ಇಂಗ್ಲಿಷ್ ಪ್ರೇಕ್ಷಕರಿಗಿರಲಿಲ್ಲ.

ಆದರೆ ಅಮೆರಿಕದಲ್ಲೂ ಮಾಗನೂರುಗಳಿದ್ದವು. ಸ್ಪ್ಯಾನಿಷ್ ಮಾತಿನ ಮನೆಗಳು ಮೂಲ ಬೆಟ್ಟಿಯನ್ನು ಟೆಲಿಮುಂಡೊದಲ್ಲಿ ಆಗಲೇ ನೋಡಿ ಮುಗಿಸಿದ್ದವು. ಮೆಕ್ಸಿಕೊದ ರಿಮೇಕನ್ನು ಯುನಿವಿಷನ್‌ನಲ್ಲಿ ನೋಡುತ್ತಲೂ ಇದ್ದವು. ಉಳಿದ ಅಮೆರಿಕ ಬೆಟ್ಟಿಯನ್ನು ‘ಕಂಡುಹಿಡಿದ’ ಹೊತ್ತಿಗೆ ಅಲ್ಲಿನ ಯಾವ ಅಜ್ಜಿ ಏನು ಗೊಣಗಿರಬಹುದು ಎಂಬುದನ್ನು ನಾನು ಊಹಿಸಬಲ್ಲೆ. ನನಗೂ ಒಬ್ಬಳು ದೊಡ್ಡವ್ವ ಇದ್ದಾಳಲ್ಲ.

ಅಂದಹಾಗೆ, ಪುಟ್ಟಕ್ಕನಾಗಿದ್ದ ಉಮಾಶ್ರೀ ಅವರೇ ಹಿಂದೆ ‘ಗುಲಾಬಿ ಟಾಕೀಸ್’ ಸಿನಿಮಾದಲ್ಲಿ ಗುಲಾಬಿಯಾಗಿ ಮನೆಗೆ ಡಿಶ್ ತಂದು ಕೇರಿಯ ಹೆಂಗಸರನ್ನೆಲ್ಲ ಟಿವಿ ಮುಂದೆ ಕೂರಿಸಿದವರು. ವೈದೇಹಿಯವರ ಕಥೆಯಲ್ಲಿ ಇದ್ದದ್ದು ಸಿನಿಮಾ ಟಾಕೀಸು. ನಿರ್ದೇಶಕ ಗಿರೀಶ ಕಾಸರವಳ್ಳಿ ಅದನ್ನು ಟಿವಿಯಾಗಿಸಿದರು. ಅದೂ ಒಂದು ರೂಪಾಂತರ, ಕನ್ನಡದಿಂದ ಕನ್ನಡಕ್ಕೇ.

ದೊಡ್ಡವ್ವನಿಗೆ ಪುಟ್ಟಕ್ಕನ ಬಗ್ಗೆ ಇದ್ದ ತಕರಾರು ಒಂದೇ: ಎಲ್ಲರೂ ಮೈಸೂರು ಕಡೆಯ ಮಾತಾಡುತ್ತಾರೆ. ತೆಲುಗಿನಲ್ಲಿಯೂ ಪಾಲಮೂರಿನ, ಅಂದರೆ ಮೆಹಬೂಬನಗರದ ಕಡೆಯ, ಮಾತು ಕೇಳಿಸುವುದಿಲ್ಲ ಎಂಬುದು ಆಕೆಯ ದೂರು. ಎರಡು ಪ್ಯಾಕಿಗೆ ದುಡ್ಡು ಕಟ್ಟಿದ ಮೇಲೂ ತನ್ನ ಮಾತು ಒಂದರಲ್ಲೂ ಸಿಗಲಿಲ್ಲವೆಂದು ಆಕೆಗೆ ಸಿಟ್ಟು. 2024ರ ನವೆಂಬರಿನಲ್ಲಿ, ಪಾತ್ರಧಾರಿ ಧಾರಾವಾಹಿ ಬಿಟ್ಟಾಗ, ಕನ್ನಡದವರು ಪುಟ್ಟಕ್ಕನ ಮಗಳು ಸ್ನೇಹಾಳನ್ನು ಸಾಯಿಸಿದರು. ಆ ರಾತ್ರಿ ದೊಡ್ಡವ್ವ ಮೊದಲ ಸಲ ಮೊರ ಕೆಳಗಿಟ್ಟು, ರಿಮೋಟಿಗಾಗಿ ತಡಕಾಡಿದಳು.