ಸ್ತನ ಕ್ಯಾನ್ಸರಿನ ಶಸ್ತ್ರಕ್ರಿಯೆಯ ನಂತರ ಮುಂದೇನು?

ಪ್ರತಿವರ್ಷ ಫೆಬ್ರವರಿ 5ರಂದು ಧರ್ಮಸಭೆಯು ಸಂತ ಅಗಾಥಮ್ಮನವರನ್ನು ಸ್ಮರಿಸುತ್ತದೆ. ಮೂರನೆಯ ಶತಮಾನದಲ್ಲಿ ಸಿಸಿಲಿಯಲ್ಲಿ ವಿಶ್ವಾಸಕ್ಕಾಗಿ ಪ್ರಾಣತೆತ್ತ ಈ ಕನ್ಯೆಯ ಸ್ತನಗಳನ್ನು ಹಿಂಸಕರು ಕತ್ತರಿಸಿದರೆಂದು ಪರಂಪರೆ ಹೇಳುತ್ತದೆ. ಸ್ತನರೋಗಿಗಳು ಅವರ ಮೊರೆಹೋಗುವುದು ಆದ್ದರಿಂದಲೇ. ಧರ್ಮಸಭೆ ಹೆಸರಿಟ್ಟು ಪ್ರಾರ್ಥಿಸುವ ಈ ನೋವನ್ನು ನಾವು ಮಾತ್ರ ಮನೆಗಳಲ್ಲಿ ಸೆರಗಿನ ಮರೆಯಲ್ಲಿಯೇ ಉಳಿಸಿದ್ದೇವೆ.

ಭಾರತದ ಮಹಿಳೆಯರಲ್ಲಿ ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಇದೇ. 2022ರಲ್ಲಿ ಸುಮಾರು 1.9 ಲಕ್ಷ ಮಹಿಳೆಯರು ಹೊಸದಾಗಿ ಇದಕ್ಕೆ ತುತ್ತಾದರೆಂಬ ಅಂದಾಜಿದೆ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳಿಂದ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ತೆರಳುವ ಕುಟುಂಬದವರು ಮೊದಲು ಕೇಳುವುದು ಜೀವದ ಪ್ರಶ್ನೆ, ಅದು ಸಹಜ. ಆದರೆ ಆ ಬಳಿಕದ ಬಾಳಿನ ಪ್ರಶ್ನೆಯನ್ನೂ ಶಸ್ತ್ರಕ್ರಿಯೆಗೆ ಮುಂಚೆಯೇ ಕೇಳಬೇಕು.

ಗಂಟು ಚಿಕ್ಕದಿರುವಾಗಲೇ ಪತ್ತೆಯಾದರೆ ಅನೇಕರಲ್ಲಿ ಸ್ತನವನ್ನು ಉಳಿಸಿ, ಗಂಟನ್ನಷ್ಟೇ ತೆಗೆದು ವಿಕಿರಣ ಚಿಕಿತ್ಸೆ ನೀಡಲು ಸಾಧ್ಯವಿದೆ. ಸ್ತನವನ್ನೇ ತೆಗೆಯಬೇಕಾದಲ್ಲಿ ಪುನರ್ರಚನೆಗೆ ಮುಖ್ಯವಾಗಿ ಎರಡು ವಿಧಾನಗಳಿವೆ.

ಮೊದಲನೆಯದು ಸಿಲಿಕೋನ್ ಅಳವಡಿಕೆ. ಎಷ್ಟೋ ವೇಳೆ ಮೊದಲು ಚರ್ಮದಡಿ ಚೀಲವೊಂದನ್ನಿಟ್ಟು, ವಾರಗಳ ಕಾಲ ಸ್ವಲ್ಪಸ್ವಲ್ಪವಾಗಿ ಲವಣದ್ರವ ತುಂಬಿ ಜಾಗ ಹಿಗ್ಗಿಸುತ್ತಾರೆ. ಶಸ್ತ್ರಕ್ರಿಯೆ ಅಷ್ಟು ದೀರ್ಘವಲ್ಲ. ಆದರೆ ಅಳವಡಿಸಿದ್ದು ಜೀವನಪರ್ಯಂತ ಬಾಳದಿರಬಹುದು. ವಿಕಿರಣ ಚಿಕಿತ್ಸೆ ಪಡೆದವರಲ್ಲಿ ಅದರ ಸುತ್ತ ಗಡುಸುಗಟ್ಟುವ ಸಂಭವ ಹೆಚ್ಚು.

ಎರಡನೆಯದರಲ್ಲಿ ರೋಗಿಯದೇ ಬೆನ್ನಿನ ಅಥವಾ ಹೊಟ್ಟೆಯ ಅಂಗಾಂಶದಿಂದ ಸ್ತನವನ್ನು ರೂಪಿಸುತ್ತಾರೆ. ಇದು ಹೆಚ್ಚು ಸಹಜವಾಗಿ ಕಾಣುತ್ತದೆ. ಆದರೆ ಶಸ್ತ್ರಕ್ರಿಯೆ ದೀರ್ಘ, ಗಾಯ ಎರಡು ಕಡೆ. ಬೆನ್ನಿನ ಸ್ನಾಯು ತೆಗೆದರೆ ತೋಳಿನ ಬಲವೂ, ಹೊಟ್ಟೆಯ ಸ್ನಾಯು ತೆಗೆದರೆ ಭಾರ ಎತ್ತುವ ಶಕ್ತಿಯೂ ಕುಂದಬಹುದು. ಸ್ನಾಯುವನ್ನು ಉಳಿಸಿ ಚರ್ಮ, ಕೊಬ್ಬುಗಳನ್ನಷ್ಟೇ ತೆಗೆಯುವ ಸೂಕ್ಷ್ಮ ಶಸ್ತ್ರಕ್ರಿಯೆಯೂ ಇದೆ. ಅದಕ್ಕೆ ವಿಶೇಷ ಪರಿಣತಿ ಬೇಕು. ಗದ್ದೆಯಲ್ಲಿ ನಾಟಿ ಹಾಕುವ, ಮೇವಿನ ಹೊರೆ ಹೊರುವ ನಮ್ಮ ತಾಯಂದಿರು ತಮ್ಮ ದುಡಿಮೆ ಎಂತಹದೆಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಪುನರ್ರಚನೆ ಬೇಡವೆನ್ನುವುದೂ ಗೌರವದ ಆಯ್ಕೆಯೇ. ಒಳಉಡುಪಿನಲ್ಲಿಟ್ಟುಕೊಳ್ಳುವ ಕೃತಕ ಸ್ತನ ಅನೇಕರಿಗೆ ಸಾಕಾಗುತ್ತದೆ. ಇಂದು ಬೇಡವೆಂದವರು ವರ್ಷಗಳ ನಂತರವೂ ಮನಸ್ಸು ಬದಲಿಸಬಹುದು. ಪುನರ್ರಚನೆಯಿಂದ ರೋಗ ಮರುಕಳಿಸುವುದೆಂಬ ಭಯಕ್ಕೆ ಆಧಾರವಿಲ್ಲ. ಆದರೆ ಮೊದಲಿನ ಸ್ಪರ್ಶಜ್ಞಾನ ಪೂರ್ಣವಾಗಿ ಮರಳುವುದು ಅಪರೂಪವೆಂಬುದನ್ನೂ ಅರಿತಿರಬೇಕು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಯಾವ ವೆಚ್ಚ ಸೇರುವುದೆಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ಮೊದಲೇ ವಿಚಾರಿಸಿಕೊಳ್ಳುವುದು ಲೇಸು.

ಇದೆಲ್ಲ ದೇಹವ್ಯಾಮೋಹವಲ್ಲವೇ ಎಂದು ಕೆಲವರು ಶಂಕಿಸಬಹುದು. 1958ರ ಅಕ್ಟೋಬರ್ 4ರಂದು, ತಮ್ಮ ಮರಣಕ್ಕೆ ಐದು ದಿನ ಮೊದಲು, ಪೋಪ್ ಹನ್ನೆರಡನೆಯ ಪಿಯೂಸ್‌ರವರು ಇಟಲಿಯ ಪ್ಲಾಸ್ಟಿಕ್ ಶಸ್ತ್ರವೈದ್ಯರನ್ನು ಉದ್ದೇಶಿಸಿ ಮಾತನಾಡಿದ್ದರು. ಇಂತಹ ಚಿಕಿತ್ಸೆ ತನ್ನಷ್ಟಕ್ಕೆ ತಪ್ಪಲ್ಲ, ಉದ್ದೇಶ ಹಾಗೂ ಸಂದರ್ಭಗಳನ್ನು ನೋಡಿ ಅದನ್ನು ತೂಗಬೇಕೆಂಬುದು ಅವರ ಬೋಧನೆಯ ಸಾರ. ರೋಗ ಕಸಿದುಕೊಂಡದ್ದನ್ನು ಮರಳಿ ಪಡೆಯಬಯಸುವ ಸೋದರಿಯನ್ನು ನಾವು ವ್ಯಾಮೋಹಿಯೆಂದು ಕರೆಯಲಾಗದು. ಬೇಡವೆನ್ನುವವಳನ್ನು ಒತ್ತಾಯಿಸಲೂ ಆಗದು.

ನಿರ್ಧಾರ ಅವಳದು. ವೈದ್ಯರ ಮುಂದೆ ಅವಳ ಪಕ್ಕದಲ್ಲಿ ಕುಳಿತು, ಅವಳು ಕೇಳಲು ಸಂಕೋಚಪಡುವ ಪ್ರಶ್ನೆಗಳಿಗೆ ಧೈರ್ಯ ತುಂಬುವುದು ಪತಿಯ, ಮಕ್ಕಳ, ನಮ್ಮೆಲ್ಲರ ಕರ್ತವ್ಯ.