ಹಳೇ ಇದ್ದಿಲು ಒಲೆಗೆ ಹೊಸ ಒಡಲು

ಬಳ್ಳಾರಿಯ ಗುಜರಿ ಅಂಗಡಿಯಲ್ಲಿ ಇದ್ದಿಲು ಒಲೆ ಸಿಕ್ಕಿತಾ? ಹೊರಗಿನ ತಗಡು ಗಟ್ಟಿ ಇದ್ರೆ ಬಿಡಬೇಡ್ರಿ. ಒಳಗಿನದನ್ನ ನಾವೇ ಮತ್ತೆ ಜೋಡಿಸಬಹುದು.

ಮೊದಲು ಹಳೇ ಮಣ್ಣು, ಬೂದಿ, ತುಕ್ಕು ಪೂರ್ತಿ ಕೆರೆದು ತೆಗೀರಿ. ಕೆಳಗೆ ಬೂದಿ ಬಾಯಿ, ನಡುವೆ ಕಬ್ಬಿಣದ ಜಾಲರಿ, ಸುತ್ತ ಮಣ್ಣಿನ ಗೋಡೆ. ಗಾಳಿ ಬೂದಿ ಬಾಯಿಂದ ನುಗ್ಗಿ, ಜಾಲರಿ ದಾಟಿ ಮೇಲೇರಿದ್ರೇನೇ ಕೆಂಡ ನಿಗಿನಿಗಿ ಅನ್ನೋದು.

ಜಾಲರಿ ಬಿಗಿಯಾಗಿ ಸಿಕ್ಕಿಸಬೇಡ್ರಿ. ಕಾದ ಕಬ್ಬಿಣ ಹಿಗ್ಗುತ್ತೆ, ಸುತ್ತ ಒಂಚೂರು ಸಂದು ಇರ್ಲಿ.

ಈಗ ಮಣ್ಣು. ನಮ್ಮ ಎರೆ ಮಣ್ಣು ಒಣಗಿದ್ರೆ ಬಿರುಕು ಬಿಡುತ್ತೆ, ಒಲೆಗೆ ಆಗಲ್ಲ. ಕುಂಬಾರರ ಜೇಡಿಮಣ್ಣಿಗೆ ಮರಳು ಸೇರಿಸ್ರಿ, ಜೊತೆಗೆ ಸಿರುಗುಪ್ಪದ ಅಕ್ಕಿ ಗಿರಣಿಯ ಭತ್ತದ ಹೊಟ್ಟು. ಹೊಟ್ಟು ಸುಟ್ಟುಹೋದ ಜಾಗದಲ್ಲಿ ಸಣ್ಣ ಸಣ್ಣ ತೂತು ಉಳೀತಾವೆ. ಶಾಖ ತಗಡಿಗೆ ದಾಟದಂತೆ ತಡೆಯೋದು ಅವೇ.

ಕುರುಗೋಡು ಬೆಟ್ಟದ ಕಲ್ಲು ಗಟ್ಟಿ ಅಂತ ಅದರ ಚೂರು ಒಳಗೆ ಇಡಬೇಡ್ರಿ. ಗ್ರಾನೈಟಿನಲ್ಲಿರೋ ಬೆಣಚು 573 ಡಿಗ್ರಿ ಸೆಲ್ಸಿಯಸ್ ಹತ್ತಿರ ಒಮ್ಮೆಲೇ ಹಿಗ್ಗುತ್ತೆ, ಕಲ್ಲು ಸಿಡಿಯಬಹುದು.

ಕಲಸಿದ ಮಣ್ಣನ್ನ ಎರಡು ಬೆರಳು ದಪ್ಪ ಮೆತ್ತಿ, ನೆರಳಲ್ಲೇ ಒಣಗಿಸ್ರಿ. ನಮ್ಮೂರ ಬಿಸಿಲಿಗಿಟ್ರೆ ಮೇಲ್ಪದರ ಬೇಗ ಒಣಗಿ ಸೀಳುತ್ತೆ. ಮೊದಲ ಸಲ ಸಣ್ಣ ಉರಿ ಹಾಕ್ರಿ, ಉಳಿದ ತೇವ ನಿಧಾನ ಆವಿಯಾಗ್ಲಿ. ಬಿರುಕು ಕಂಡ್ರೆ ಅದೇ ಮಣ್ಣು ತುಂಬ್ರಿ.

ಒಂದು ಮಾತು ಮರೀಬೇಡ್ರಿ: ಮುಚ್ಚಿದ ಕೋಣೆಯಲ್ಲಿ ಇದ್ದಿಲು ಹಚ್ಚಲೇಬಾರದು. ಅದರಿಂದ ಬರೋ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಆದ್ರೆ ಜೀವ ತೆಗೆಯುತ್ತೆ. ಒಲೆ ಅಂಗಳದಲ್ಲೇ ಉರೀಲಿ.