ಪ್ರೊಫೆಸರರ ಬೆನ್ನು ಬಿಡದ ಆ ರಾತ್ರಿ

2010ರ ಮಾರ್ಚ್ 1. ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದಲ್ಲಿ 63ರ ಹರೆಯದ ಪ್ರೊಫೆಸರೊಬ್ಬರನ್ನು ಪೊಲೀಸರು ಬಂಧಿಸಿದರು. ಅವರು ಇಂಗ್ಲೆಂಡಿಗೆ ಬಂದಿದ್ದುದು ಬಕಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಪದವಿ ಪ್ರದಾನ ಸಮಾರಂಭಕ್ಕೆ. ಬಂಧನಕ್ಕೆ ಕೋರಿದ್ದು ಸರ್ಬಿಯಾ. ಆರೋಪ ಮಾತ್ರ 18 ವರ್ಷ ಹಳೆಯದು!

ಎಯುಪ್ ಗಾನಿಚ್ ಹುಟ್ಟಿದ್ದು 1946ರಲ್ಲಿ, ಸರ್ಬಿಯಾದ ನೋವಿ ಪಜಾರ್ ಬಳಿಯ ಹಳ್ಳಿಯೊಂದರ ಬೋಸ್ನಿಯಾಕ್ ಮುಸ್ಲಿಂ ಮನೆತನದಲ್ಲಿ. ಅಮೆರಿಕದ ಎಂಐಟಿಯಲ್ಲಿ ಡಾಕ್ಟರೇಟ್ ಪಡೆದು ಷಿಕಾಗೊದಲ್ಲಿ ಪಾಠ ಹೇಳಿದರು. ಉಷ್ಣ ವರ್ಗಾವಣೆ ಅವರ ವಿಷಯ. ಅದರ ಹೆಸರಾಂತ ಕೈಪಿಡಿಯೊಂದರ ಸಂಪಾದಕರಲ್ಲಿ ಅವರೂ ಒಬ್ಬರು. ಆಮೇಲೆ ಸರಾಯೆವೊಗೆ ಮರಳಿದರು. 1990ರಲ್ಲಿ ಬೋಸ್ನಿಯಾದ ಏಳು ಸದಸ್ಯರ ಅಧ್ಯಕ್ಷ ಮಂಡಳಿಗೆ ಆಯ್ಕೆಯಾದಾಗ ಅವರು ನಿಂತದ್ದು ‘ಯುಗೋಸ್ಲಾವ’ ಎಂಬ ಗುರುತಿನಲ್ಲಿ. ಆ ದೇಶವೇ ಎರಡು ವರ್ಷದಲ್ಲಿ ಒಡೆದು ಚೂರಾಯಿತು.

1992ರ ಮೇ 2ರ ಸಂಜೆ ಅಧ್ಯಕ್ಷ ಅಲಿಯಾ ಇಜೆತ್‌ಬೆಗೊವಿಚ್ ಲಿಸ್ಬನ್ ಮಾತುಕತೆ ಮುಗಿಸಿ ಮರಳಿದರು. ಸರಾಯೆವೊ ವಿಮಾನ ನಿಲ್ದಾಣದಲ್ಲೇ ಯುಗೋಸ್ಲಾವ ಸೇನೆ ಅವರನ್ನು ವಶಕ್ಕೆ ತೆಗೆದುಕೊಂಡಿತು. ಒತ್ತೆಯಾಳಾದ ಅಧ್ಯಕ್ಷರು ಟೆಲಿಫೋನಿನಲ್ಲಿ ಮಾತನಾಡಿದ್ದು ಟಿ.ವಿ.ಯಲ್ಲಿ ನೇರವಾಗಿ ಪ್ರಸಾರವಾಯಿತು. ತಾವು ಬರುವವರೆಗೆ ಗಾನಿಚ್ ಹೊಣೆ ಹೊರಲಿ ಎಂದರು. ಇಡೀ ಊರು ಕೇಳಿಸಿಕೊಂಡಿತು. ಎಂಜಿನಿಯರಿಂಗ್ ಮೇಷ್ಟರು ಹಂಗಾಮಿ ಅಧ್ಯಕ್ಷರಾದದ್ದು ಹೀಗೆ.

ಮರುದಿನ ಅದಲುಬದಲಿನ ಒಪ್ಪಂದವಾಯಿತು. ನಗರದಲ್ಲಿ ಸಿಕ್ಕಿಬಿದ್ದಿದ್ದ ಜನರಲ್ ಕುಕಾನ್ಯಾತ್ಸ್ ತಮ್ಮ ಸೈನಿಕರೊಡನೆ ಹೊರಹೋಗಬೇಕು, ಅಧ್ಯಕ್ಷರ ಬಿಡುಗಡೆಯಾಗಬೇಕು. ವಿಶ್ವಸಂಸ್ಥೆಯವರ ಜತೆಯಲ್ಲಿ ಹೊರಟ ಸೇನಾ ವಾಹನಗಳ ಮೇಲೆ ದೊಬ್ರೊವೊಲ್ಯಾಚ್ಕಾ ಬೀದಿಯಲ್ಲಿ ಗುಂಡಿನ ದಾಳಿ ನಡೆಯಿತು. ಸೈನಿಕರು ಸತ್ತರು. ಎಷ್ಟು ಮಂದಿ, ಯಾರ ಆಜ್ಞೆಯಿಂದ ಎಂಬುದಕ್ಕೆ ಎರಡೂ ಕಡೆಯವರದು ಬೇರೆ ಬೇರೆ ಲೆಕ್ಕ. ಅಂದು ಹಂಗಾಮಿ ಅಧ್ಯಕ್ಷರಾಗಿದ್ದವರು ಗಾನಿಚ್. ಸರ್ಬಿಯಾ ಹಿಡಿದದ್ದು ಈ ಎಳೆಯನ್ನೇ.

ಯುದ್ಧಾನಂತರ ಅವರು ಬೋಸ್ನಿಯಾಕ್-ಕ್ರೊವಾಟ್ ಫೆಡರೇಷನ್ನಿನ ಅಧ್ಯಕ್ಷರೂ ಆದರು. ರಾಜಕೀಯದಿಂದ ದೂರ ಸರಿದು 2004ರಲ್ಲಿ ಬಕಿಂಗ್‌ಹ್ಯಾಮ್ ಸಹಯೋಗದಲ್ಲಿ ಸರಾಯೆವೊದಲ್ಲಿ ವಿಜ್ಞಾನ-ತಂತ್ರಜ್ಞಾನದ ವಿಶ್ವವಿದ್ಯಾಲಯ ಕಟ್ಟಿದರು. ಆ ನಂಟೇ ಅವರನ್ನು ಹೀಥ್ರೂಗೆ ತಂದದ್ದು. ಬಂಧನದ ದಿನವೇ ಹೇಗ್ ನಗರದಲ್ಲಿ ಬೋಸ್ನಿಯಾದ ಸರ್ಬ್ ನಾಯಕ ಕರಾಜಿಚ್ ನ್ಯಾಯಾಲಯದೆದುರು ತಮ್ಮ ವಾದ ಆರಂಭಿಸಿದ್ದರು. ಇದು ಬರಿಯ ಕಾಕತಾಳೀಯ ಎಂದರೆ ಸರಾಯೆವೊದಲ್ಲಿ ನಂಬುವವರು ಕಡಿಮೆ.

ಜುಲೈ 27ರಂದು ಲಂಡನ್ನಿನ ನ್ಯಾಯಾಧೀಶ ಟಿಮೊಥಿ ವರ್ಕ್‌ಮನ್ ಸರ್ಬಿಯಾದ ಬೇಡಿಕೆಯನ್ನು ತಳ್ಳಿಹಾಕಿದರು. ರಾಜಕೀಯ ಉದ್ದೇಶಕ್ಕಾಗಿ ನ್ಯಾಯಪ್ರಕ್ರಿಯೆಯ ದುರ್ಬಳಕೆಯಾಗಿದೆ ಎಂದರು. ಗಾನಿಚ್ ಊರಿಗೆ ಮರಳಿದರು. ಆದರೆ 2022ರಲ್ಲಿ ಅದೇ ಬೀದಿಯ ಪ್ರಕರಣದಲ್ಲಿ ಅವರ ಮತ್ತು ಇತರರ ಮೇಲೆ ಆರೋಪಪಟ್ಟಿ ಸಲ್ಲಿಕೆಯಾಯಿತು. ಈ ಸಲ ಸಲ್ಲಿಸಿದ್ದು ಬೋಸ್ನಿಯಾದ್ದೇ ಪ್ರಾಸಿಕ್ಯೂಷನ್.